ಒಂದೇ ಕ್ಲಾಸು, ಮೂರು ಥರದ ಮಕ್ಕಳು: ಕಳೆಯೋ ಲೆಕ್ಕ ಕಲಿಸೋದು ಹೇಗೆ?

ಮೂರನೇ ಕ್ಲಾಸಿನ ಬೋರ್ಡ್ ಮೇಲೆ ಒಂದು ಕಳೆಯೋ ಲೆಕ್ಕ ಬರೆದು ತಿರುಗಿ ನೋಡಿ. ನಾಲ್ಕು ಮಕ್ಕಳು ಆಗಲೇ ಮುಗಿಸಿ ಪೆನ್ಸಿಲ್ ಕಡೀತಾ ಕೂತಿರ್ತಾರೆ, ಅರ್ಧ ಕ್ಲಾಸು ಪಕ್ಕದವರ ನೋಟ್‌ಬುಕ್ ಇಣುಕ್ತಾ ಇರತ್ತೆ, ಕೊನೇ ಬೆಂಚಿನವರು ಬೆರಳು ಎಣಿಸಿ ಎಣಿಸಿ ಎಲ್ಲಿದ್ವಿ ಅನ್ನೋದನ್ನೇ ಮರೆತಿರ್ತಾರೆ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಈ ಅಂತರ ಇನ್ನೂ ಜಾಸ್ತಿ ಕಾಣತ್ತೆ, ಯಾಕಂದ್ರೆ ಒಬ್ಬ ಹುಡುಗ ಇಲ್ಲೇ ಹುಟ್ಟಿ ಬಾಲವಾಡಿಯಿಂದ ಮೇಲೆ ಬಂದವನು, ಅವನ ಪಕ್ಕದವಳು ಅಪ್ಪ ಅಮ್ಮನ ಕಟ್ಟಡದ ಕೆಲಸದ ಜೊತೆ ಕಲಬುರಗಿ ಕಡೆಯಿಂದ ದೀಪಾವಳಿ ಆದ್ಮೇಲೆ ಬಂದು ಸೇರಿದವಳು, ಮಕ್ಕಳು ಕಮ್ಮಿ ಅಂತ ಎಷ್ಟೋ ಕಡೆ ಎರಡು ತರಗತಿ ಒಂದೇ ಕೋಣೇಲಿ, ಟೀಚರ್ ಒಬ್ಬರೇ.

ಹಾಗಂತ ದಿನಾ ಮೂರು ಬೇರೆ ಬೇರೆ ಪಾಠ ರೆಡಿ ಮಾಡೋಕೆ ಯಾರಿಂದಾಗತ್ತೆ? ಮಾಡೋದೂ ಬೇಡ. ಆಟ ಒಂದೇ ಇರ್ಲಿ, ನಿಯಮ ಒಂದೇ ಇರ್ಲಿ, ಸಂಖ್ಯೆ ಮಾತ್ರ ಮಗು ಎಲ್ಲಿ ನಿಂತಿದೆಯೋ ಅಲ್ಲಿಗೆ ತಕ್ಕಂತೆ ಇರ್ಲಿ. ಹತ್ತರಿಂದ ಸಾಲ ತಗೊಂಡು ಕಳೆಯೋ ಲೆಕ್ಕವನ್ನೇ ಹಿಡ್ಕೊಂಡು ಇದು ಹೇಗೆ ಅಂತ ನೋಡೋಣ, ಪ್ರೈಮರಿ ಮಕ್ಕಳು ಹೆಚ್ಚಾಗಿ ಎಡವೋ ಜಾಗ ಇದೇ.

ಮೊದಲು ಒಂದು ಚೀಟಿ

ಪಾಠ ಶುರು ಮಾಡೋ ಮುಂಚಿನ ದಿನ ಎಲ್ಲರಿಗೂ ಕಾಲು ಹಾಳೆ ಕೊಟ್ಟು ಎರಡೇ ಲೆಕ್ಕ ಮಾಡಿಸಿ. 52−28 ಮತ್ತೆ 80−34. ಮಾರ್ಕ್ಸ್ ಹಾಕ್ಬೇಡಿ, ತಪ್ಪು ಗುರುತು ಕೂಡ ಬೇಡ, ಮನೆಗೆ ತಗೊಂಡ್ಹೋಗಿ ಉತ್ತರ ಓದಿ ಸಾಕು.

ಸಂಖ್ಯೆ ಆರಿಸೋದ್ರಲ್ಲಿ ಸ್ವಲ್ಪ ಹುಷಾರು ಬೇಕು. ತುಂಬಾ ಟೀಚರ್‌ಗಳು 52−27 ಕೊಡ್ತಾರೆ, ಮಗು 35 ಅಂತ ಬರೆಯತ್ತೆ, ತಪ್ಪು ಅಂತ ಗೊತ್ತಾಗತ್ತೆ, ಯಾಕೆ ತಪ್ಪು ಅಂತ ಮಾತ್ರ ಗೊತ್ತಾಗಲ್ಲ. ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನ ಕಳೆದ ಮಗೂಗೂ (7−2) ಅಲ್ಲಿ 5 ಬರತ್ತೆ, ಸಾಲ ತಗೊಂಡು ಹತ್ತರ ಮನೇಲಿ ಒಂದು ಕಮ್ಮಿ ಮಾಡೋಕೆ ಮರೆತ ಮಗೂಗೂ (12−7) ಅಲ್ಲಿ 5 ಬರತ್ತೆ, ಇಬ್ಬರದ್ದೂ 35. ಅದೇ 52−28 ಕೊಡಿ, ಮೊದಲನೇ ಮಗು 36 ಬರೆಯತ್ತೆ, ಎರಡನೇದು 34 ಬರೆಯತ್ತೆ, ಸರಿ ಮಾಡಿದವರು 24. ಈಗ ಚೀಟಿ ನೋಡಿದ ಕೂಡ್ಲೇ ಯಾರಿಗೆ ಏನು ಬೇಕು ಅಂತ ತಿಳಿಯತ್ತೆ. ಬಿಡಿಯ ಮನೇಲಿ ಎರಡು ಅಂಕಿಗಳ ವ್ಯತ್ಯಾಸ 5 ಇದ್ರೆ ಆ ಲೆಕ್ಕ ಈ ಕೆಲಸಕ್ಕೆ ಬರಲ್ಲ, ಅಷ್ಟು ನೆನಪಿಡಿ. ಇನ್ನು 80−34ರಲ್ಲಿ 50 ಅಂತ ಬರೆದ ಮಗು ‘ಸೊನ್ನೇಲಿ ನಾಲ್ಕು ಹೋಗಲ್ಲ, ಹಾಗಾಗಿ ಸೊನ್ನೆ’ ಅಂತ ಯೋಚಿಸಿದೆ, 54 ಬರೆದದ್ದು ತಿರುಗಿಸಿ ಕಳೆದಿದೆ.

ಗುಂಪು ಮಾಡೋದು, ಆದ್ರೆ ಹೆಸರಿಡದೆ

ಚೀಟಿ ನೋಡಿ ಮೂರು ಗುಂಪು ಮಾಡಿ. ಹತ್ತು ಅಂದ್ರೇನು ಅನ್ನೋದೇ ಇನ್ನೂ ಕೈಗೆ ಸಿಗದವರು, ಸಾಲ ಗೊತ್ತಿದ್ದೂ ಅಲ್ಲಲ್ಲಿ ತಪ್ಪೋರು, ಆರಾಮಾಗಿ ಮಾಡೋರು. ಕ್ಲಾಸು ಯಾವುದು ಅಂತ ನೋಡದೆ ಮಗೂಗೆ ಏನು ಬರತ್ತೆ ಅಂತ ನೋಡಿ ಕೂರಿಸೋ ಈ ಪದ್ಧತಿಯನ್ನ ದೇಶದಲ್ಲೆಲ್ಲಾ ಹರಡಿದ ಪ್ರಥಮ್ ಸಂಸ್ಥೆ 1995ರಲ್ಲಿ ನಮ್ಮ ಮುಂಬಯಿಯಲ್ಲೇ ಬಾಲವಾಡಿ ನಡೆಸ್ತಾ ಶುರುವಾದದ್ದು. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರತ್ತೆ ಅಂತ ನೋಡೋ ಅವರ ‘ಅಸರ್’ ಸಮೀಕ್ಷೆಯಲ್ಲೂ ಲೆಕ್ಕ ಪರೀಕ್ಷಿಸೋದು ಸಾಲ ತಗೊಂಡು ಕಳೆಯೋ ಎರಡಂಕಿ ಲೆಕ್ಕ ಕೊಟ್ಟೇ.

ಗುಂಪಿಗೆ ಹುಷಾರು, ದಡ್ಡ ಅನ್ನೋ ವಾಸನೆ ಬರೋ ಹೆಸರು ದಯವಿಟ್ಟು ಬೇಡ. ಮಕ್ಕಳು ಒಂದೇ ದಿನದಲ್ಲಿ ಕಂಡುಹಿಡೀತಾರೆ, ಆಮೇಲೆ ಆ ಹೆಸರು ಏಳನೇ ಕ್ಲಾಸಿನವರೆಗೂ ಬೆನ್ನು ಬಿಡಲ್ಲ. ವಾರಕ್ಕೊಮ್ಮೆ ಗುಂಪು ಬದಲಾಗ್ಲೇಬೇಕು, ಕಳೆಯೋದ್ರಲ್ಲಿ ಹಿಂದಿರೋ ಮಗು ಆಕೃತಿಗಳ ಪಾಠದಲ್ಲಿ ಎಲ್ಲರಿಗಿಂತ ಮುಂದೆ ಇರಬಹುದು.

ಕೈಗೆ ಕಡ್ಡಿ ಕೊಡಿ

ಸಾಮಾನಿಗೆ ದುಡ್ಡು ಖರ್ಚು ಮಾಡ್ಬೇಕಿಲ್ಲ. ಹಿಡಿಸೂಡಿ ಕಡ್ಡಿ ಒಂದೇ ಉದ್ದಕ್ಕೆ ಕತ್ತರಿಸಿ, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿ. ಐಸ್‌ಕ್ರೀಮ್ ಕಡ್ಡಿ ಬೇಕಿದ್ರೆ ಕ್ರಾಫರ್ಡ್ ಮಾರ್ಕೆಟ್ ಹತ್ರ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಹೋಲ್‌ಸೇಲ್ ಅಂಗಡಿಗಳಲ್ಲಿ ನೋಡಿ. ಕಟ್ಟನ್ನ ಮಕ್ಕಳೇ ಕಟ್ಟಬೇಕು, ಟೀಚರ್ ಕಟ್ಟಿ ಕೊಟ್ರೆ ಅದರೊಳಗೆ ಹತ್ತು ಇದೆ ಅಂತ ಮಗು ನಂಬಲ್ಲ, ಪ್ರತಿ ಸಲ ಬಿಚ್ಚಿ ಎಣಿಸತ್ತೆ.

52ಕ್ಕೆ ಐದು ಕಟ್ಟು, ಎರಡು ಬಿಡಿ. ‘28 ಕಡ್ಡಿ ನಂಗೆ ಕೊಡು’ ಅಂತ ಕೈ ಚಾಚಿ ಸುಮ್ನೆ ಕೂತ್ಕೊಳ್ಳಿ. ಮಗು ಎರಡು ಕಟ್ಟು ಕೊಡತ್ತೆ, ಎರಡು ಬಿಡಿ ಕೊಡತ್ತೆ, ಆಮೇಲೆ ನಿಮ್ಮ ಮುಖ ನೋಡತ್ತೆ. ಆಗ ಬಾಯಿ ಬಿಡ್ಬೇಡಿ, ಕಷ್ಟ ಆಗತ್ತೆ ಆದ್ರೂ ತಡ್ಕೊಳ್ಳಿ. ಸ್ವಲ್ಪ ಹೊತ್ತಲ್ಲಿ ಅದೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆಯತ್ತೆ. ಸಾಲ ತಗೊಳ್ಳೋದು ಅಂದ್ರೆ ಇಷ್ಟೇ, ಮಗು ಅದನ್ನ ಯಾರೂ ಹೇಳಿಕೊಡದೆ ಮಾಡಿದೆ, ಮತ್ತೆ ಒಂದು ಕಟ್ಟು ಕಮ್ಮಿ ಆದದ್ದು ಕಣ್ಣೆದುರೇ ಇದೆ, ಮರೆಯೋ ಪ್ರಶ್ನೆಯೇ ಬರಲ್ಲ.

ಕಡ್ಡಿಯಿಂದ ನೇರ ಅಂಕಿಗೆ ಹಾರಿಸ್ಬೇಡಿ. ಮಧ್ಯದಲ್ಲಿ ಚಿತ್ರ ಬೇಕು, ಹತ್ತಕ್ಕೊಂದು ಉದ್ದ ಗೆರೆ, ಬಿಡಿಗೊಂದು ಚುಕ್ಕೆ. ಗೆರೆ ಹೊಡೆದುಹಾಕಿ ಹತ್ತು ಚುಕ್ಕೆ ಹಾಕೋದನ್ನ ಎರಡು ಮೂರು ದಿನ ಮಾಡಿದ್ಮೇಲೆ ಅಂಕಿ. ಮೊದಲು ಕೈ, ಆಮೇಲೆ ಚಿತ್ರ, ಕೊನೇಲಿ ಚಿಹ್ನೆ ಅನ್ನೋ ಈ ಕ್ರಮಾನ ಜೆರೋಮ್ ಬ್ರೂನರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ವಿವರಿಸಿದ್ದಾರೆ, ಸಿಂಗಾಪುರದ ಶಾಲೆಗಳು ಗಣಿತ ಕಲಿಸೋದೂ ಇದೇ ಮೆಟ್ಟಿಲುಗಳಲ್ಲಿ.

ಇಲ್ಲಿ ಮುಂಬಯಿಯ ಮಕ್ಕಳ ಒಂದು ತೊಂದರೆ ಹೇಳ್ಲೇಬೇಕು. ಮಗು ಕ್ಲಾಸಲ್ಲಿ ಐವತ್ತೆರಡು ಅನ್ನತ್ತೆ, ಕೆಳಗಿನ ಅಂಗಡೀಲಿ ‘ಬಾವನ್ನ’ ಕೇಳತ್ತೆ. ಕನ್ನಡದಲ್ಲಿ ಹತ್ತು ಮೊದಲು, ಮರಾಠಿ ಹಿಂದಿಯಲ್ಲಿ ಬಿಡಿ ಮೊದಲು, ಹಾಗಾಗಿ ಕೆಲವರು ಕೇಳಿದ್ದನ್ನ ಬರೆಯೋವಾಗ 52ನ್ನ 25 ಮಾಡ್ತಾರೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ಕ್ಲಾಸಿನ ಗಣಿತ ಪುಸ್ತಕ ‘ಏಕ್‌ವೀಸ್’ ಬದಲು ‘ವೀಸ್ ಏಕ್’ (ಇಪ್ಪತ್ತು ಒಂದು) ಅಂತ ಓದಿಸೋಕೆ ಹೊರಟು ರಾಜ್ಯದಲ್ಲಿ ದೊಡ್ಡ ಗಲಾಟೆ ಆಗಿತ್ತಲ್ಲ, ಅದಕ್ಕೂ ಇದೇ ಕಾರಣ. ನಮ್ಮ ಮಕ್ಕಳಿಗೆ ಆ ಅನುಕೂಲ ಮನೆ ಮಾತಲ್ಲೇ ಇದೆ, ಕಟ್ಟು ಮುಟ್ಟಿ ‘ಐವತ್ತು’, ಬಿಡಿ ಮುಟ್ಟಿ ‘ಎರಡು’ ಅಂತ ಜೋರಾಗಿ ಹೇಳಿಸಿ.

ಅಂಗಡಿಯವರ ಲೆಕ್ಕ

ಪುಸ್ತಕದಲ್ಲಿ ತಪ್ಪೋ ಎಷ್ಟೋ ಮಕ್ಕಳು ಚಿಲ್ಲರೆ ಕೊಡೋವಾಗ ತಪ್ಪಲ್ಲ. ನೂರರ ನೋಟು, 63 ರೂಪಾಯಿ ಸಾಮಾನು: ಏಳು ಸೇರಿಸಿದ್ರೆ ಎಪ್ಪತ್ತು, ಮೂವತ್ತು ಸೇರಿಸಿದ್ರೆ ನೂರು, ಮೂವತ್ತೇಳು ವಾಪಸ್. ಇದೂ ಕಳೆಯೋ ಲೆಕ್ಕವೇ, ‘ಇದು ನಮ್ಮ ರೀತಿ ಅಲ್ಲ’ ಅಂತ ತಡೀಬೇಡಿ. ಮಧ್ಯದಲ್ಲಿ ಸೊನ್ನೆ ಇರೋ 403−158 ಥರದ ಲೆಕ್ಕಕ್ಕಂತೂ ಇದೇ ಸಲೀಸು: 158ರಿಂದ 160ಕ್ಕೆ 2, ಅಲ್ಲಿಂದ 200ಕ್ಕೆ 40, ಅಲ್ಲಿಂದ 403ಕ್ಕೆ 203, ಒಟ್ಟು 245.

ಎಲ್ಲರೂ ಆಡೋ ಒಂದೇ ಆಟ

ಕಳೆಯೋದು ಕೈಗೆ ಹತ್ತೋಕೆ ತುಂಬಾ ಲೆಕ್ಕ ಮಾಡ್ಬೇಕು, ಬೋರ್ಡ್ ತುಂಬಾ ಲೆಕ್ಕ ಬರೆದ್ರೆ ಮಕ್ಕಳಿಗೆ ಸಾಕಾಗತ್ತೆ. ಇದಕ್ಕೆ ನಮ್ಮ ಪಕ್ಕದಲ್ಲೇ ಮದ್ದಿದೆ. ನಾಸಿಕ್ ಹತ್ರ ದೇವಳಾಲಿಯಲ್ಲಿ ಶಾಲಾ ಮಾಸ್ತರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986), ಡಹಾಣೂವಿನಲ್ಲಿ ಹುಟ್ಟಿ ಪುಣೆಯ ಫರ್ಗ್ಯುಸನ್ ಕಾಲೇಜಲ್ಲಿ ಓದಿದವರು, 1949ರಲ್ಲಿ ಒಂದು ವಿಷಯ ಲೋಕಕ್ಕೆ ತೋರಿಸಿದ್ರು. ಯಾವುದೇ ನಾಲ್ಕಂಕಿ ಸಂಖ್ಯೆ ತಗೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೇ. ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನ ಕಳೆಯಿರಿ, ಬಂದ ಉತ್ತರಕ್ಕೆ ಮತ್ತೆ ಹಾಗೇ ಮಾಡಿ. ಹೆಚ್ಚೆಂದ್ರೆ ಏಳು ಸಲ, ಅಷ್ಟರಲ್ಲಿ 6174 ಬಂದೇ ಬರತ್ತೆ.

ಸಂಖ್ಯೆ ಎಲ್ಲಿಂದ ತರೋದು? ಶಾಲೆಗೆ ಬರೋವಾಗ ಕಂಡ ರಿಕ್ಷಾದ, ಟ್ಯಾಕ್ಸಿಯ ನಂಬರ್ ಪ್ಲೇಟ್. 3524 ಅಂದ್ಕೊಳ್ಳಿ: 5432−2345=3087, 8730−0378=8352, 8532−2358=6174. ಇದು ಆರಾಮಾಗಿ ಮಾಡೋ ಗುಂಪಿಗೆ. ಮಧ್ಯದ ಗುಂಪು ಅದೇ ಪ್ಲೇಟಿನ ಮೊದಲ ಮೂರು ಅಂಕಿ ತಗೊಳ್ಳಲಿ, 532−235=297, 972−279=693, 963−369=594, 954−459=495, ಅಲ್ಲಿಗೆ ನಿಲ್ಲತ್ತೆ. ಕಡ್ಡಿ ಗುಂಪಿನವರು ಎರಡೇ ಅಂಕಿ, 52−25=27, 72−27=45, 54−45=9, ಅದನ್ನ 09 ಅಂತ ಬರೆದ್ರೆ 90−09=81, ಆಮೇಲೆ 63, ಮತ್ತೆ 27. ಇಲ್ಲಿ ನಿಲ್ಲಲ್ಲ, ಸುತ್ತುತ್ತಲೇ ಇರತ್ತೆ, ಅದನ್ನ ಮಕ್ಕಳೇ ಕಂಡುಹಿಡಿದಾಗ ಕ್ಲಾಸಲ್ಲಿ ಏಳೋ ಗದ್ದಲ ಆಗ್ಲಿ ಬಿಡಿ. ಸೊನ್ನೆ ಬಂದ್ರೆ ಬಿಡಬಾರದು ಅಂತ ಮಾತ್ರ ಮೊದಲೇ ಹೇಳಿ.

ಇದರ ದೊಡ್ಡ ಉಪಯೋಗ ಏನಂದ್ರೆ ಮಕ್ಕಳು ತಾವೇ ಚೆಕ್ ಮಾಡ್ಕೋಬಹುದು. ಮೂರಂಕಿ ಆಟದಲ್ಲಿ ಪ್ರತಿ ಉತ್ತರದ ಮಧ್ಯದ ಅಂಕಿ 9 ಆಗಿರ್ಲೇಬೇಕು (99 ಬಂದ್ರೆ ಅದನ್ನ 099 ಅಂತ ಬರೀಬೇಕು), ಇಲ್ಲಾಂದ್ರೆ ಸಾಲ ತಗೊಳ್ಳೋದ್ರಲ್ಲಿ ಎಲ್ಲೋ ತಪ್ಪಿದೆ. ಎರಡಂಕಿ ಆಟದಲ್ಲಿ ಉತ್ತರದ ಅಂಕಿಗಳನ್ನ ಕೂಡಿಸಿದ್ರೆ 9. ನಾಲ್ಕಂಕಿಯಲ್ಲಿ ಕೂಡಿಸಿದ್ದು 9ರ ಮಗ್ಗಿಯಲ್ಲಿರಬೇಕು. ನಿಮ್ಮ ಹತ್ರ ಸಾಲು ನಿಲ್ಲದೆ ಮಕ್ಕಳು ತಮ್ಮ ತಪ್ಪು ತಾವೇ ಹುಡುಕ್ತಾ ಇರ್ತಾರೆ, ನೀವು ಆ ಹೊತ್ತನ್ನ ಕಡ್ಡಿ ಗುಂಪಿನ ಜೊತೆ ನೆಲದ ಮೇಲೆ ಕೂತು ಕಳೀಬಹುದು. ಬೇಗ ಮುಗಿಸಿದವರಿಗೆ ಇನ್ನಷ್ಟು ಲೆಕ್ಕ ಕೊಟ್ಟು ಕೂರಿಸೋದು ಅನ್ಯಾಯ, ‘ಮಧ್ಯದಲ್ಲಿ ಯಾವಾಗ್ಲೂ 9 ಯಾಕೆ?’ ಅಂತ ಕೇಳಿ. 532−235ರಲ್ಲಿ 5ಕ್ಕೂ 2ಕ್ಕೂ ವ್ಯತ್ಯಾಸ 3, ಮೂರು ಸಲ 99 ಅಂದ್ರೆ 297. ಇಷ್ಟು ದೂರ ನಾಲ್ಕನೇ ಕ್ಲಾಸಿನ ಮಗು ತಾನೇ ಬರಬಲ್ಲದು, ಅವಸರ ಮಾಡ್ಬೇಡಿ.

ಮುಂದಿನ ವಾರದ ಚೀಟಿ

ಸೋಮವಾರ ಮತ್ತೆ ಕಾಲು ಹಾಳೆ, 73−39. 46 ಬರೆದವರು ಕಡ್ಡಿಗೆ, 44 ಬರೆದವರು ಗೆರೆ ಚುಕ್ಕೆಗೆ, 34 ಬರೆದವರು ಮುಂದಿನ ಗುಂಪಿಗೆ. ಕಡ್ಡಿ ಡಬ್ಬಿಯನ್ನ ಮಾತ್ರ ಕಪಾಟಿನಲ್ಲಿ ಬೀಗ ಹಾಕಿಡ್ಬೇಡಿ, ಕಿಟಕಿ ಹತ್ರ ಎಲ್ಲರ ಕೈಗೂ ಸಿಗೋ ಹಾಗಿರ್ಲಿ, 6174 ಮಾಡೋ ಮಗೂಗೂ ಒಂದೊಂದು ದಿನ ಬೇಕಾಗತ್ತೆ.