‘ದಿ ಕೇ’ ಕಾದಂಬರಿಯನ್ನು ಮಕ್ಕಳ ಜೊತೆ ಓದಿದ್ದು

ಥಿಯೊಡೋರ್ ಟೇಲರ್ ಅವರ ‘ದಿ ಕೇ’ ಕಾದಂಬರಿಯನ್ನು ಏಳನೇ ತರಗತಿಯವರ ಜೊತೆ ಓದುವಾಗ ನನಗೆ ಅಡ್ಡ ಬರುವುದು ಮಕ್ಕಳ ಜಾಣತನವೇ. ‘ಬಣ್ಣ ನೋಡಬಾರದು, ಎಲ್ಲರೂ ಒಂದೇ’ ಎಂಬ ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡು ಕುಳಿತಿರುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು, ಪುಸ್ತಕಕ್ಕೆ ಸಾಲದು.

ಕಥೆ 1942ರದು. ಕೆರಿಬಿಯನ್ ಸಮುದ್ರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ತೈಲದ ಹಡಗುಗಳ ಬೆನ್ನು ಹತ್ತಿವೆ. ಕ್ಯುರಸಾವ್ ದ್ವೀಪದಿಂದ ತಾಯಿಯೊಡನೆ ಅಮೆರಿಕಕ್ಕೆ ಹೊರಟ ಹನ್ನೊಂದು ವರ್ಷದ ಬಿಳಿಯ ಹುಡುಗ ಫಿಲಿಪ್‌ನ ಹಡಗು ಟಾರ್ಪೆಡೊ ಬಡಿದು ಮುಳುಗುತ್ತದೆ. ತೆಪ್ಪದ ಮೇಲೆ ಅವನಿಗೆ ಜೊತೆಯಾಗುವುದು ಟಿಮೊಥಿ ಎಂಬ ಕಪ್ಪು ನಾವಿಕ ಮುದುಕ ಮತ್ತು ಒಂದು ಬೆಕ್ಕು. ತಲೆಗೆ ಬಿದ್ದ ಪೆಟ್ಟಿನಿಂದ ಹುಡುಗನ ಕಣ್ಣು ಹೋಗುತ್ತದೆ. ತೆಪ್ಪ ಜನರಿಲ್ಲದ ಒಂದು ಪುಟ್ಟ ದ್ವೀಪ ಸೇರುತ್ತದೆ, ‘ಕೇ’ ಎಂದರೆ ಅದೇ. ಕಣ್ಣಿಲ್ಲದ ಮೇಲೆ ಬಣ್ಣ ಕಾಣುವುದಿಲ್ಲ, ಸ್ನೇಹ ಬೆಳೆಯಿತು ಎಂದು ಓದುವುದು ವಾಡಿಕೆ. ನಾನು ಒಪ್ಪುವುದಿಲ್ಲ. ಕುರುಡನಾದ ಮೇಲೂ ಅವನ ಬಾಯಲ್ಲಿ ಬಣ್ಣದ ಬೈಗುಳ ಬರುತ್ತದಲ್ಲ!

ಹಾಗಾಗಿ ನಾನು ಮೊದಲು ನಿಲ್ಲುವುದು ಸಮುದ್ರದಂಡೆಯ ಪ್ರಸಂಗದಲ್ಲಿ. ವಿಮಾನಕ್ಕೆ ಕಾಣುವಂತೆ ಕಲ್ಲು ಜೋಡಿಸಿ ‘ಹೆಲ್ಪ್’ ಎಂದು ಬರೆಯಬೇಕು. ಟಿಮೊಥಿಗೆ ಅಕ್ಷರ ಬಾರದು, ಹೇಳಿಕೊಳ್ಳಲು ಬಿಗುಮಾನ. ಅದನ್ನು ಅರಿತ ಫಿಲಿಪ್ ಕಡ್ಡಿ ಹಿಡಿದು ಮರಳಿನ ಮೇಲೆ ತಾನೇ ಅಕ್ಷರ ಬಿಡಿಸುತ್ತಾನೆ, ಗುಟ್ಟು ಬಿಡುವುದಿಲ್ಲ. ಎಂಥ ಒಳ್ಳೆಯ ಹುಡುಗ ಎಂದು ಮಕ್ಕಳು ಮೆಚ್ಚುತ್ತಾರೆ. ಆದರೆ ಒಳಗೊಳಗೇ ಅವನು ಬೀಗುತ್ತಿದ್ದಾನೆ. ಟಿಮೊಥಿ ಹೇಳಿಕೊಟ್ಟಂತೆ ಚಾಪೆ ಹೆಣೆಯಲು ಬಾರದೆ ರೇಗಿದಾಗ, ಕಪ್ಪು ಎಂಬುದರ ಜೊತೆ ಆ ಗುಟ್ಟನ್ನೂ ಮುದುಕನ ಮುಖಕ್ಕೆ ಎಸೆಯುತ್ತಾನೆ. ಟಿಮೊಥಿ ಕೆನ್ನೆಗೆ ಬಾರಿಸುತ್ತಾನೆ.

ಅಲ್ಲಿ ಪುಸ್ತಕ ಮುಚ್ಚಿಸಿ, ಇಬ್ಬರಿಬ್ಬರನ್ನು ಕೂರಿಸಿ, ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ತೆಂಗಿನ ಗರಿ ಕೊಟ್ಟೆ. ಇನ್ನೊಬ್ಬರು ಮುಟ್ಟದೆ, ಬರೀ ಮಾತಿನಲ್ಲಿ ಹೆಣಿಗೆ ಹೇಳಿಕೊಡಬೇಕು. ‘ಅದರ ಕೆಳಗೆ ತೂರಿಸು’ ಎಂದರೆ ಯಾವುದರ ಕೆಳಗೆ? ಗರಿಯ ಅಂಚು ಬೆರಳಿಗೆ ತಾಗುತ್ತದೆ, ಹೆಣೆದ ಎಳೆ ಬಿಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಒಬ್ಬ ಗರಿ ಬಿಸಾಡಿ, ‘ಗಣಿತವೇ ತಲೆಗೆ ಹತ್ತದವನು ನನಗೇನು ಕಲಿಸುತ್ತೀಯ!’ ಎಂದು ಗೆಳೆಯನ ಮೇಲೆ ಕೂಗಿದ. ಕೋಣೆ ಗಪ್‌ಚಿಪ್ಪಾಯಿತು. ಫಿಲಿಪ್ ಮಾಡಿದ್ದೇನೆಂದು ನಾನು ವಿವರಿಸಬೇಕಾಗಲಿಲ್ಲ.

ಮತ್ತೆ ಪುಸ್ತಕ ತೆರೆದೆವು. ಏಟು ತಿಂದ ಹುಡುಗ ಸ್ನೇಹ ಕೇಳುತ್ತಾನೆ, ‘ಚಿಕ್ಕ ಧಣಿ’ ಬೇಡ, ಹೆಸರು ಹಿಡಿದು ಕರೆ ಎನ್ನುತ್ತಾನೆ. ‘ಮೇಡಂ, ಇವನು ಅಜ್ಜನನ್ನು ಮೊದಲಿಂದಲೂ ಹೆಸರು ಹಿಡಿದೇ ಕರೆಯುತ್ತಿದ್ದನಲ್ಲ?’ ಎಂದಳು ಒಬ್ಬ ಹುಡುಗಿ. ಅವಳ ಊರಿನಲ್ಲಿ ಜಮೀನುದಾರರ ಮನೆಯ ಮಕ್ಕಳು ಅವಳ ತಾತನನ್ನು ಏಕವಚನದಲ್ಲೇ ಮಾತನಾಡಿಸುತ್ತಾರಂತೆ. ಚರ್ಚೆ ಕೆರಿಬಿಯನ್‌ನಿಂದ ನಮ್ಮ ಜಗಲಿಗೆ ಬಂತು. ತಡೆಯಲಿಲ್ಲ.

ಪುಸ್ತಕದ ಮೇಲಿನ ತಕರಾರನ್ನೂ ಮುಚ್ಚಿಡುವುದಿಲ್ಲ. 1969ರಲ್ಲಿ ಪ್ರಕಟವಾದ ಇದನ್ನು ಲೇಖಕರು ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸಿಗೆ ಅರ್ಪಿಸಿದ್ದರು, ಶಾಂತಿ, ಸಮಾನತೆ ಸಾರುವ ಮಕ್ಕಳ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ಜೇನ್ ಆಡಮ್ಸ್ ಪ್ರಶಸ್ತಿಯೂ ಬಂತು. ಕಪ್ಪು ಮನುಷ್ಯ ಬಿಳಿ ಹುಡುಗನ ಸೇವೆಗೇ ಬದುಕಿ ಸಾಯುತ್ತಾನೆ ಎಂಬ ಟೀಕೆ ಬಲವಾದ ಮೇಲೆ ಲೇಖಕರು ಆ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಟೀಕೆಯಲ್ಲಿ ಹುರುಳಿದೆ, ಕಥೆಯೆಲ್ಲ ಫಿಲಿಪ್‌ನ ಬಾಯಲ್ಲೇ ಇದೆ. ಅದಕ್ಕೇ ಕೆನ್ನೆಯೇಟಿನ ಪ್ರಸಂಗವನ್ನು ಟಿಮೊಥಿಯ ಬಾಯಲ್ಲಿ ಬರೆಸುತ್ತೇನೆ. ಟೇಲರ್ ಅವರೇ ಟಿಮೊಥಿಯ ಬಾಲ್ಯ ಹೇಳುವ ‘ಟಿಮೊಥಿ ಆಫ್ ದಿ ಕೇ’ಯನ್ನು 1993ರಲ್ಲಿ ತಂದರು. ಅದನ್ನು ಮಕ್ಕಳಿಗೆ ಕೊಡುವುದು ಅವರು ಬರೆದು ಮುಗಿಸಿದ ಮೇಲೆಯೇ. ಮೊದಲೇ ಕೊಟ್ಟರೆ ನಕಲು ಹೊಡೆಯುತ್ತಾರೆ.