ಕಾರ್ಡ್ ಕೊಳ್ಳುವ ಮುನ್ನ ಕ್ಯಾಬಿನೆಟ್ ಬಿಚ್ಚಿ ನೋಡಿ

ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ ಎಂದು ಕೇಳುವವರು ಬಜೆಟ್ ಒಂದನ್ನೇ ಹೇಳುತ್ತಾರೆ. ಮಾನಿಟರ್ ಎಷ್ಟರದ್ದು, ಪವರ್ ಸಪ್ಲೈ ಯಾವುದು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಕಾರ್ಡಿನ ಹೆಸರು ಕೊನೆಗೆ ಬರಬೇಕಾದದ್ದು. ಮನೆಯಲ್ಲಿ ಈಗಾಗಲೇ ಇರುವ ಸಾಮಾನು ಅರ್ಧ ನಿರ್ಧಾರವನ್ನು ಮಾಡಿಬಿಟ್ಟಿರುತ್ತದೆ.

ಲೆಕ್ಕಕ್ಕೆ ಒಂದು ಸಾಧಾರಣ ಪಿಸಿ ಇಟ್ಟುಕೊಳ್ಳೋಣ: ರೈಜನ್ 5 3600, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1650, 450 ವ್ಯಾಟ್ ಪವರ್ ಸಪ್ಲೈ, 1080ಪಿ ಮಾನಿಟರ್.

ಮೊದಲು ಅಳತೆ

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರ ಜೊತೆಗೇ ಬರುವ ರಿವಾಟ್ಯೂನರ್ ಆಟದ ಮೇಲೆಯೇ ಅಂಕಿ ತೋರಿಸುತ್ತದೆ. ಜಿಪಿಯು (ಕಾರ್ಡಿನ ಚಿಪ್) ಬಳಕೆ, ಜಿಪಿಯು ತಾಪಮಾನ, ಕ್ಲಾಕ್ (ಚಿಪ್ ಓಡುವ ವೇಗ), ವಿಡಿಯೊ ಮೆಮೊರಿ, ಸಿಪಿಯುವಿನ (ಪ್ರೊಸೆಸರ್) ಒಂದೊಂದು ಕೋರ್, ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಇಷ್ಟನ್ನು ಆನ್ ಮಾಡಿ. ಎಫ್‌ಪಿಎಸ್ ಅನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್, ಎಫ್‌ಪಿಎಸ್ ಮಿತಿ ಎರಡನ್ನೂ ತೆಗೆದು, ನಿಮ್ಮ ಆಟದಲ್ಲಿ ಅತಿ ಹೆಚ್ಚು ತಡವರಿಸುವ ಜಾಗದಲ್ಲಿ ಕಾಲು ಗಂಟೆ ಆಡಿ. ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತವೆ.

ಜಿಪಿಯು ಬಳಕೆ 95ರಿಂದ 99 ಪ್ರತಿಶತ ಇದ್ದರೆ ಕಾರ್ಡೇ ಸೋಲುತ್ತಿದೆ, ಬದಲಿಸುವುದರಲ್ಲಿ ಅರ್ಥವಿದೆ. 60–70ರಲ್ಲೇ ನಿಂತು ಎಫ್‌ಪಿಎಸ್ ಕಡಿಮೆ ಬಂದರೆ ತೊಂದರೆ ಬೇರೆ ಕಡೆ ಇದೆ. ಖಚಿತಪಡಿಸಿಕೊಳ್ಳಲು ಆಟದ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ. ಎಫ್‌ಪಿಎಸ್ ಏರದಿದ್ದರೆ ಪ್ರೊಸೆಸರ್ ಹಿಡಿದು ನಿಲ್ಲಿಸಿದೆ ಎಂದೇ ಲೆಕ್ಕ. ಎಷ್ಟು ದುಬಾರಿ ಕಾರ್ಡ್ ತಂದರೂ ಅದೇ ಎಫ್‌ಪಿಎಸ್. ಒಟ್ಟು ಸಿಪಿಯು ಬಳಕೆ 40 ಪ್ರತಿಶತ ತೋರಿಸುತ್ತಿದೆ, ಹಾಗಾಗಿ ಪ್ರೊಸೆಸರ್ ಆರಾಮಾಗಿದೆ ಎಂದುಕೊಳ್ಳಬೇಡಿ. ಒಂದೆರಡು ಕೋರ್ ತುಂಬಿಹೋದರೆ ಆಟ ಅಲ್ಲೇ ನಿಲ್ಲುತ್ತದೆ.

ದುಡ್ಡು ಬಿಚ್ಚುವ ಮುನ್ನ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟವನ್ನೂ ನೋಡಿ. 3200ರ ರ‍್ಯಾಮ್ 2133ರಲ್ಲಿ ಅಥವಾ 2400ರಲ್ಲಿ ಓಡುತ್ತಿದ್ದರೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಅನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಆಗಿಲ್ಲ. ಒಂದೇ ಕಡ್ಡಿ ಹಾಕಿದ್ದರೆ ಇನ್ನೊಂದು ಹಾಕಿ. ಬಿ450 ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡಿದರೆ ರೈಜನ್ 5 5600 ಕೂರುತ್ತದೆ. ಸಿಪಿಯು ಸೋತ ಪಿಸಿಗೆ ಕಾರ್ಡಿಗಿಂತ ಅದು ಒಳ್ಳೆಯ ಖರ್ಚು. ತಾಪಮಾನ 85 ಡಿಗ್ರಿ ದಾಟಿ ಕ್ಲಾಕ್ ಇಳಿಯುತ್ತಿದ್ದರೆ ಮೊದಲು ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದಿಡಿ, ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ಎಷ್ಟು ಮೆಮೊರಿ, ಎಷ್ಟು ಲೇನ್

ಮಾನಿಟರ್ 60 ಹರ್ಟ್ಸ್ ಆಗಿದ್ದರೆ ಅದು ಸೆಕೆಂಡಿಗೆ 60 ಚಿತ್ರವನ್ನಷ್ಟೇ ತೋರಿಸಬಲ್ಲದು. 1080ಪಿ, 60 ಹರ್ಟ್ಸ್‌ಗೆ 8 ಜಿಬಿಯ ಆರ್‌ಎಕ್ಸ್ 6600 ಇವತ್ತಿಗೂ ಸಾಕು. 144 ಹರ್ಟ್ಸ್ ಅಥವಾ 1440ಪಿ ಇದ್ದರೆ, ಇಲ್ಲವೇ ಮುಂದಿನ ವರ್ಷ ಕೊಳ್ಳುವ ಯೋಚನೆಯಿದ್ದರೆ, 12 ಅಥವಾ 16 ಜಿಬಿ ನೋಡಿ. ಮೆಮೊರಿ ತುಂಬಿದ ಕಾರ್ಡ್ ನಿಧಾನವಾಗುವುದಷ್ಟೇ ಅಲ್ಲ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದರೂ ತಿರುಗಿದಾಗಲೆಲ್ಲ ಚಿತ್ರ ಒಂದು ಕ್ಷಣ ಗಕ್ಕನೆ ನಿಲ್ಲುತ್ತದೆ, ಗೋಡೆಯ ಮೇಲಿನ ಬರಹ ಮಸುಕಾಗುತ್ತದೆ.

ಜಾಹೀರಾತಿನಲ್ಲಿ ಕಾಣದ ವಿಷಯ ಇಲ್ಲಿದೆ. ಬಿ450 ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಪಿಸಿಐಇ 3.0. ಲೇನ್ ಎಂದರೆ ಆ ಸ್ಲಾಟಿನಲ್ಲಿ ಡೇಟಾ ಓಡಾಡುವ ದಾರಿ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060 ಇವೆಲ್ಲ 8 ಲೇನ್ ಮಾತ್ರ ಬಳಸುತ್ತವೆ. 3.0ರಲ್ಲಿ ಎಂಟು ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಕಾರ್ಡಿನ ಮೆಮೊರಿಯಲ್ಲಿ ಜಾಗ ಇರುವವರೆಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ತುಂಬಿ ರ‍್ಯಾಮ್‌ಗೆ ಕೈ ಚಾಚಿದ ಕೂಡಲೇ ಈ ಕಿರಿದಾದ ದಾರಿ ಅಡ್ಡ ಬರುತ್ತದೆ. 4 ಜಿಬಿ ಮೆಮೊರಿ, ನಾಲ್ಕೇ ಲೇನ್ ಇರುವ ಆರ್‌ಎಕ್ಸ್ 6500 ಎಕ್ಸ್‌ಟಿ ಹಳೆಯ ಬೋರ್ಡಿಗೆ ಬೇಡವೇ ಬೇಡ. ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ, ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ 16 ಲೇನ್ ಬಳಸುತ್ತವೆ, ಹಳೆಯ ಬೋರ್ಡಿಗೆ ಇಂಥವೇ ವಾಸಿ. ಇಂಟೆಲ್ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಆದರೆ ರೀಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ಬಯೋಸ್ ಸೆಟ್ಟಿಂಗ್) ಆನ್ ಇಲ್ಲದಿದ್ದರೆ ಸೊರಗುತ್ತದೆ, ಹಳೆಯ ಪ್ರೊಸೆಸರ್ ಜೊತೆ ಹಿಂದೆ ಬೀಳುತ್ತದೆ. 3600 ಇರುವವರು ಅದರ ಆಸೆ ಬಿಡಿ.

ಪವರ್ ಸಪ್ಲೈ

ಜಿಟಿಎಕ್ಸ್ 1650ರ ಎಷ್ಟೋ ಮಾದರಿಗಳಿಗೆ ಬೇರೆ ವೈರೇ ಇಲ್ಲ. 75 ವ್ಯಾಟನ್ನು ಸ್ಲಾಟಿನಿಂದಲೇ ಎಳೆದುಕೊಂಡು ಓಡುತ್ತವೆ. ಹಾಗಾಗಿ ಕಳಪೆ ಪವರ್ ಸಪ್ಲೈ ಕೂಡ ವರ್ಷಗಟ್ಟಲೆ ಸಿಕ್ಕಿಬೀಳದೆ ನಡೆದುಬಿಡುತ್ತದೆ. ಕ್ಯಾಬಿನೆಟ್ ಪಕ್ಕದ ಪ್ಲೇಟ್ ತೆಗೆದು ಸಪ್ಲೈ ಮೇಲಿನ ಚೀಟಿ ಓದಿ. +12ವಿ ಎಂಬ ಸಾಲಿನಲ್ಲಿರುವ ಆಂಪಿಯರ್ ಅನ್ನು 12ರಿಂದ ಗುಣಿಸಿ. 37 ಆಂಪಿಯರ್ ಇದ್ದರೆ 444 ವ್ಯಾಟ್, ಹೆಸರಿಗೆ ತಕ್ಕ ಸಾಮಾನು. ಅದೇ ಡಬ್ಬದ ಮೇಲೆ 450 ಎಂದು ದಪ್ಪಕ್ಷರ, ಸಾಲಿನಲ್ಲಿ ಮಾತ್ರ 18 ಆಂಪಿಯರ್ ಇದ್ದರೆ ಕಾರ್ಡಿಗೂ ಪ್ರೊಸೆಸರ್‌ಗೂ ಸೇರಿ ಸಿಗುವುದು 216 ವ್ಯಾಟ್.

ನಮ್ಮ ಪಿಸಿಯ ಲೆಕ್ಕ: ಪ್ರೊಸೆಸರ್‌ಗೆ 90, ಹೊಸ ಕಾರ್ಡಿಗೆ 160, ಉಳಿದದ್ದಕ್ಕೆ 60; ಒಟ್ಟು 310. ನಿಜವಾದ 450 ಸಾಕು. ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್ ಆದರೂ ಎನ್ವಿಡಿಯಾ 550 ವ್ಯಾಟ್ ಸಪ್ಲೈ ಬೇಕೆನ್ನುತ್ತದೆ. ಕಳಪೆ ಸಪ್ಲೈಗಳನ್ನೂ ಎಣಿಸಿ ಕೊಟ್ಟ ಅಂಕಿ ಅದು.

ಸಪ್ಲೈಯಲ್ಲಿ ಕಾರ್ಡಿಗೆ ಹಾಕುವ 6+2 ಪಿನ್ ವೈರ್ ಇದೆಯೇ ನೋಡಿ. ಸಿಪಿಯುವಿನ 4+4 ಪಿನ್ ನೋಡಲು ಹಾಗೇ ಇರುತ್ತದೆ, ಒತ್ತಿ ಕೂರಿಸಿದರೆ ಕಾರ್ಡ್ ಸುಡುತ್ತದೆ. ಮೊಲೆಕ್ಸ್‌ನಿಂದ (ಹಳೆಯ ಬಗೆಯ ನಾಲ್ಕು ಪಿನ್ ವೈರ್) 8 ಪಿನ್‌ಗೆ ಮಾಡಿದ ಅಗ್ಗದ ಕನ್ವರ್ಟರ್ ಬಿಸಿಯಾಗಿ ಕರಗುತ್ತದೆ. ಮಾಡ್ಯುಲರ್ (ವೈರ್ ಬಿಡಿಸಿ ತೆಗೆಯಬಹುದಾದ) ಸಪ್ಲೈ ಬದಲಿಸುವಾಗ ಹಳೆಯದರ ವೈರನ್ನು ಹೊಸದಕ್ಕೆ ಹಾಕಬೇಡಿ, ಸಪ್ಲೈ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ.

ಕರೆಂಟ್ ಹೋಗುವ ಊರಿನವರು ಯುಪಿಎಸ್ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಮಾಮೂಲಿ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಆಸುಪಾಸು. ಪಿಸಿಯ 310ಕ್ಕೆ ಸಪ್ಲೈಯ ನಷ್ಟ, ಮಾನಿಟರ್ ಸೇರಿದರೆ ಆಟದ ಮಧ್ಯೆ ಕರೆಂಟ್ ಹೋದಾಗ ಕಿರುಗುಟ್ಟಿ ಆರಿಹೋಗುತ್ತದೆ. 1000 ವಿಎ ಬೇಕು.

ಅಳತೆಪಟ್ಟಿ ಹಿಡಿದು ಹಿಂದಿನ ಬ್ರಾಕೆಟ್‌ನಿಂದ ಮುಂದಿನ ಫ್ಯಾನ್‌ವರೆಗೆ ಉದ್ದ ನೋಡಿ, ಕಾರ್ಡಿನ ಉದ್ದಕ್ಕಿಂತ 2 ಸೆಂಟಿಮೀಟರ್ ಹೆಚ್ಚಿರಲಿ. ದಪ್ಪ ಎರಡೂವರೆ ಸ್ಲಾಟ್ ಇದ್ದರೆ ಕೆಳಗಿನ ಸ್ಯಾಟಾ ವೈರ್‌ಗಳಿಗೆ ತಾಗಬಹುದು.

ಸೆಕೆಂಡ್ ಹ್ಯಾಂಡ್ ಆದರೆ

ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ಓಡುತ್ತಿರುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಸಿ ಶೇಡರ್ (ಚಿಪ್ಪಿನೊಳಗಿನ ಲೆಕ್ಕದ ಘಟಕ) ಸಂಖ್ಯೆ ಓದಿ: ಅಸಲಿ ಆರ್‌ಎಕ್ಸ್ 580ರಲ್ಲಿ 2304 ಇರುತ್ತವೆ, ಅದೇ ಹೆಸರಲ್ಲಿ ಮಾರುವ ಇನ್ನೊಂದರಲ್ಲಿ 2048. ಬಯೋಸ್ ತಿದ್ದಿದ ನಕಲಿ ಕಾರ್ಡನ್ನು ಅದೇ ತಂತ್ರಾಂಶ ಹೆಸರಿನ ಪಕ್ಕದಲ್ಲೇ ನಕಲಿ ಎಂದು ತೋರಿಸುತ್ತದೆ. ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ತಂತ್ರಾಂಶವನ್ನು 15 ನಿಮಿಷ ಓಡಿಸಿ. ಚುಕ್ಕಿ, ಗೆರೆ, ಬಣ್ಣದ ಚೌಕ ಕಂಡರೆ ಎದ್ದು ಬನ್ನಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ (ಕಾರ್ಡ್‌ಗಳನ್ನು ಓಡಿಸಿ ಡಿಜಿಟಲ್ ಹಣ ಗಳಿಸುವುದು) ನಿಂತ ಮೇಲೆ ರಾಶಿ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಮೈನಿಂಗ್ ಕಾರ್ಡ್ ಎಂದರೆ ಸತ್ತ ಕಾರ್ಡೇನಲ್ಲ, ಫ್ಯಾನ್ ಮತ್ತು ಥರ್ಮಲ್ ಪ್ಯಾಡ್ ಬದಲಿಸುವ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ. ಜಿಟಿಎಕ್ಸ್ 1060, 1070 ಕೈಗೆ ಬಂದರೆ ಒಂದು ಮಾತು: 2025ರ ಅಕ್ಟೋಬರ್ ನಂತರ ಅವುಗಳಿಗೆ ಭದ್ರತೆಯ ಅಪ್‌ಡೇಟ್ ಬಿಟ್ಟರೆ ಹೊಸ ಆಟಗಳ ಡ್ರೈವರ್ ಇಲ್ಲ.

ಕೂರಿಸುವುದು

ಕಾರ್ಡ್ ತೆಗೆಯುವ ಮೊದಲೇ ಹೊಸ ಡ್ರೈವರ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಎನ್ವಿಡಿಯಾದಿಂದ (ಜಿಟಿಎಕ್ಸ್, ಆರ್‌ಟಿಎಕ್ಸ್) ಎಎಂಡಿಗೆ (ಆರ್‌ಎಕ್ಸ್) ಹೋಗುವುದಾದರೆ ಇಂಟರ್‌ನೆಟ್ ತೆಗೆದು, ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಅಳಿಸುವ ತಂತ್ರಾಂಶ) ಓಡಿಸಿ ಹಳೆಯ ಡ್ರೈವರ್ ಗುಡಿಸಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ. ಸ್ಲಾಟಿನ ತುದಿಯ ಲಾಕ್ ಒತ್ತದೆ ಎಳೆದರೆ ಅದು ಮುರಿಯುತ್ತದೆ. ಹೊಸದು ‘ಟಕ್’ ಎಂದು ಕೂತ ಮೇಲೆ ಸ್ಕ್ರೂ ಹಾಕಿ, ವೈರ್ ಪೂರ್ತಿ ಒಳಹೋಗಿದೆಯೇ ನೋಡಿ.

ಡಿಸ್‌ಪ್ಲೇ ಬರದಿದ್ದರೆ ಗಾಬರಿ ಬೇಡ. ಕೇಬಲ್ ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹೋಗಿರಬಹುದು, ಇಲ್ಲವೇ ಕೈ ತಾಗಿ ರ‍್ಯಾಮ್ ಅಲುಗಿರಬಹುದು. ತೆಗೆದು ಮತ್ತೆ ಹಾಕಿ. ಎರಡೂ ಸರಿಯಿದ್ದರೆ ಹಳೆಯ ಕಾರ್ಡ್ ಹಾಕಿ ಬಯೋಸ್ ಅಪ್‌ಡೇಟ್ ಮಾಡಿ. ರೀಸೈಜಬಲ್ ಬಾರ್‌ಗಾಗಿ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಆಯ್ಕೆ) ಆಫ್ ಮಾಡುವ ಮುನ್ನ ವಿಂಡೋಸ್ ಡಿಸ್ಕಿನ ವಿಭಾಗ ಪಟ್ಟಿ ಹೊಸ ಬಗೆಯ ಜಿಪಿಟಿ ಆಗಿದೆಯೇ ನೋಡಿ. ಹಳೆಯ ಬಗೆಯ ಎಂಬಿಆರ್ ಇದ್ದರೆ ವಿಂಡೋಸ್ ಏಳುವುದೇ ಇಲ್ಲ, ಮೊದಲು ಬ್ಯಾಕಪ್ ತೆಗೆದು ಪರಿವರ್ತಿಸಿಕೊಳ್ಳಬೇಕು.

ಆಮೇಲೆ ಅದೇ ಆಟ, ಅದೇ ಜಾಗ, ಅದೇ ಸೆಟ್ಟಿಂಗ್‌ನಲ್ಲಿ ಕಾಲು ಗಂಟೆ ಆಡಿ ಹಳೆಯ ಅಂಕಿಯ ಪಕ್ಕ ಹೊಸದನ್ನು ಬರೆಯಿರಿ. ಜಿಪಿಯು ಬಳಕೆ 70ಕ್ಕೆ ಇಳಿದಿದ್ದರೆ ಈಗ ಪ್ರೊಸೆಸರ್ ಸರದಿ. ಅಲ್ಲಿಯವರೆಗೆ ಟೆಕ್ಸ್‌ಚರ್, ನೆರಳು ಏರಿಸಿ ಆಡಿ, ಎಫ್‌ಪಿಎಸ್ ಅಷ್ಟೇನೂ ಕುಸಿಯುವುದಿಲ್ಲ.