ರೆಜೀನಾಳ ಗೋರಿಕಲ್ಲನ್ನು ನಾನು ಓದಿದ ಬಗೆ

ರೋಮನ್ ಸಾಮ್ರಾಜ್ಯದಲ್ಲಿ ಯಾರು ತಮ್ಮನ್ನು ಏನೆಂದು ಹೇಳಿಕೊಂಡರು ಅನ್ನೋದು ನನ್ನ ವಿಷಯ. ಸೀಸರ್, ಕೊಲೋಸಿಯಂ ಅಂತ ಕೇಳಿಕೊಂಡು ಬರುವವರಿಗೆ ನನ್ನ ಹತ್ತಿರ ಜಾಸ್ತಿ ಸರಕಿಲ್ಲ. ನನ್ನ ಹೊತ್ತೆಲ್ಲ ಗೋರಿಕಲ್ಲುಗಳ ಜೊತೆ ಹೋಗುತ್ತದೆ. ಅದರಲ್ಲೂ ಒಂದು ಕಲ್ಲು ನನ್ನನ್ನು ಬಹಳ ದಿನ ಹಿಡಿದು ಕೂರಿಸಿದೆ. ಅದನ್ನು ಹೇಗೆ ಓದಿದೆ ಅಂತ ಹೇಳುತ್ತೇನೆ.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಟೈನ್ ನದಿ ಸಮುದ್ರ ಸೇರುವ ಕಡೆ, ಸೌತ್ ಶೀಲ್ಡ್ಸ್ ಎಂಬ ಊರಿದೆ. ರೋಮನ್ನರ ಕಾಲದಲ್ಲಿ ಅಲ್ಲೊಂದು ಕೋಟೆ ಇತ್ತು. 1878ರಲ್ಲಿ ಆ ಊರಲ್ಲಿ ಸಿಕ್ಕ ಕಲ್ಲು ಇದು. ಕಾಲ ಕ್ರಿ.ಶ. 2ನೇ ಶತಮಾನದ ಉತ್ತರಾರ್ಧ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಬೆತ್ತದ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ. ಮುಖ ಒಡೆದುಹೋಗಿದೆ. ಮಡಿಲಲ್ಲಿ ನೂಲುವ ಕದಿರು, ಒಂದು ಪಕ್ಕ ಉಣ್ಣೆ ಉಂಡೆಗಳ ಬುಟ್ಟಿ. ಬಲಗೈಯಲ್ಲಿ ಒಡವೆ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದಿದ್ದಾಳೆ. ಕೆಳಗೆ ಲ್ಯಾಟಿನ್ ಬರಹ. ಪಾಲ್ಮೈರಾದ ಬರಾಟೀಸ್ ಎಂಬವನು ರೆಜೀನಾಗೆ ಹಾಕಿಸಿದ ಕಲ್ಲು ಅಂತ ಅದು ಹೇಳುತ್ತದೆ. ಅವಳು ಅವನ ದಾಸಿಯಾಗಿದ್ದಳು, ಅವನೇ ಬಿಡುಗಡೆ ಮಾಡಿದ, ಆಮೇಲೆ ಹೆಂಡತಿಯಾದಳು. ಕಟುವೆಲ್ಲೌನಿ ಜನದವಳು, ವಯಸ್ಸು 30. ಅದರ ಕೆಳಗೆ ಬೇರೆಯೇ ಲಿಪಿಯಲ್ಲಿ ಒಂದೇ ಒಂದು ಸಾಲು, ಪಾಲ್ಮೈರಾದವರ ಭಾಷೆಯಾದ ಅರಮಾಯಿಕ್‌ನಲ್ಲಿ: ರೆಜೀನಾ, ಬರಾಟೀಸ್ ಬಿಡುಗಡೆ ಮಾಡಿದವಳು, ಅಯ್ಯೋ.

ಪಾಲ್ಮೈರಾ ಇರುವುದು ಸಿರಿಯಾದ ಮರುಭೂಮಿಯಲ್ಲಿ. ಕಟುವೆಲ್ಲೌನಿಗಳ ನಾಡು ಲಂಡನ್ನಿನ ಉತ್ತರಕ್ಕೆ, ಇವತ್ತಿನ ಸೇಂಟ್ ಆಲ್ಬನ್ಸ್ ಸುತ್ತ. ಗಂಡ ಹೆಂಡತಿ ಇಬ್ಬರಿಗೂ ಈ ಕೋಟೆಯ ಊರು ಪರಊರೇ.

ನೂರು ವರ್ಷದ ಹಿಂದೆ ಇಂಥ ಕಲ್ಲಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಇವರು ಎಷ್ಟರ ಮಟ್ಟಿಗೆ ರೋಮನ್ ಆಗಿದ್ದರು? ಆಕ್ಸ್‌ಫರ್ಡಿನ ಫ್ರಾನ್ಸಿಸ್ ಹ್ಯಾವರ್‌ಫೀಲ್ಡ್ 1905ರಲ್ಲಿ ಬ್ರಿಟನ್ನಿನ 'ರೋಮನೀಕರಣ'ದ ಬಗ್ಗೆ ಕೊಟ್ಟ ಉಪನ್ಯಾಸದಿಂದ ಆ ಪ್ರಶ್ನೆಗೆ ಗಟ್ಟಿ ರೂಪ ಬಂತು. ಲ್ಯಾಟಿನ್, ಸ್ನಾನಗೃಹ, ಮೊಸಾಯಿಕ್ ನೆಲ ಇದ್ದರೆ ನಾಗರಿಕತೆ ಮೇಲಕ್ಕೇರಿತು ಅಂತ ಲೆಕ್ಕ. ಅದೇ ಕಾಲದಲ್ಲಿ ನಮ್ಮನ್ನು ಆಳಲು ಬರುತ್ತಿದ್ದ ಐಸಿಎಸ್ ಅಧಿಕಾರಿಗಳ ಪರೀಕ್ಷೆಯಲ್ಲಿ ಗ್ರೀಕ್, ಲ್ಯಾಟಿನ್‌ಗೆ ಭರ್ತಿ ಅಂಕ ಇತ್ತು. ಸಾಮ್ರಾಜ್ಯ ಆಳುವವರಿಗೆ ರೋಮ್ ಒಂದು ಕನ್ನಡಿ. ಭಾರತದಲ್ಲಿ ಓದಿ ಬೆಳೆದವರಿಗೆ ಆ ಲೆಕ್ಕದ ವಾಸನೆ ಬೇಗ ಹತ್ತುತ್ತದೆ, ಅಲ್ವಾ? 1990ರ ದಶಕದಿಂದೀಚೆಗೆ ಗ್ರೆಗ್ ವುಲ್ಫ್, ಜೇನ್ ವೆಬ್‌ಸ್ಟರ್, ಡೇವಿಡ್ ಮ್ಯಾಟಿಂಗ್ಲಿ ಅಂಥ ವಿದ್ವಾಂಸರು ಈ ಏಣಿಯನ್ನು ಬೇರೆ ಬೇರೆ ಕಡೆಯಿಂದ ಅಲ್ಲಾಡಿಸಿದರು. ನಾನು ಕೆಲಸ ಶುರು ಮಾಡುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿತ್ತು. ಯಾರು, ಯಾರ ಎದುರಿಗೆ, ಯಾವ ಗುರುತನ್ನು ಹೇಳಿಕೊಳ್ಳುತ್ತಿದ್ದಾರೆ?

ಮೊದಲು ಅಕ್ಷರ. ನಮ್ಮಲ್ಲಿ ಶಾಸನದ ಪಡಿಯಚ್ಚು ತೆಗೆಯುವ ಹಾಗೆ ಅಲ್ಲೂ ಒದ್ದೆ ಕಾಗದ ಒತ್ತಿ ಅಚ್ಚು ತೆಗೆಯುವ ರೂಢಿ ಹಳೆಯದು. ಈಗ ಓರೆ ಬೆಳಕಿನಲ್ಲಿ ತೆಗೆದ ಫೋಟೋಗಳೂ ಇವೆ. ಮುದ್ರಿತ ಪಾಠ ನೋಡುವಾಗ ನಾನು ಮೊದಲು ಹುಡುಕುವುದು ಚೌಕ ಕಂಸಗಳನ್ನು. 1931ರಲ್ಲಿ ಲೈಡನ್‌ನಲ್ಲಿ ಒಪ್ಪಿಕೊಂಡ ನಿಯಮದ ಪ್ರಕಾರ ಅವುಗಳ ಒಳಗಿರುವುದು ಕಲ್ಲಿನಲ್ಲಿ ಅಳಿದುಹೋಗಿದ್ದು, ಸಂಪಾದಕರು ತುಂಬಿದ್ದು. ಎಷ್ಟೋ ದೊಡ್ಡ ವಾದಗಳು ಆ ಕಂಸದೊಳಗೇ ಕೂತಿರುತ್ತವೆ. ರೆಜೀನಾಳ ಪಾಠದಲ್ಲಿ ಆ ಕಾಟ ಇಲ್ಲ.

ಆಮೇಲೆ ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟೆ. ಲ್ಯಾಟಿನ್‌ನಲ್ಲಿ ವಿಭಕ್ತಿಗಳು ತಪ್ಪಿವೆ. ಅರಮಾಯಿಕ್ ಸಾಲು ಮಾತ್ರ ಸರಾಗ, ಪಳಗಿದ ಕೈ. ಬರೆಸಿದವನಿಗೆ ಅಥವಾ ಕೆತ್ತಿದವನಿಗೆ ಯಾವ ಭಾಷೆ ಹತ್ತಿರದ್ದು ಅನ್ನೋದು ಇಲ್ಲೇ ಗೊತ್ತಾಗುತ್ತದೆ. ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಬೇರೆ ವಿಷಯ. ಅರಮಾಯಿಕ್ ಸಾಲಿನಲ್ಲಿ ಹೆಂಡತಿ ಅನ್ನುವ ಮಾತಿಲ್ಲ. ವಯಸ್ಸಿಲ್ಲ. ಅವಳ ಜನದ ಹೆಸರೂ ಇಲ್ಲ. ಇದನ್ನು ನೋಡಿ 'ತನ್ನವರ ಎದುರು ಅವಳನ್ನು ದಾಸಿ ಅಂತಲೇ ಹೇಳಿದ' ಎಂದು ತೀರ್ಪು ಕೊಡುವುದು ಸುಲಭ. ನಾನು ಪಾಲ್ಮೈರಾದ ಗೋರಿಗಳನ್ನು ಒಂದೊಂದಾಗಿ ಓದಿಕೊಂಡು ಬಂದೆ. ಅಲ್ಲಿನ ಮಾಮೂಲು ಕ್ರಮವೇ ಹಾಗೆ: ಸತ್ತವರ ಹೆಸರು, ತಂದೆಯ ಹೆಸರು, ಕೊನೆಗೆ 'ಅಯ್ಯೋ'. ದಾಸಿಯಾಗಿದ್ದವಳಿಗೆ ರೋಮನ್ ಕಾನೂನಿನಲ್ಲಿ ತಂದೆ ಇಲ್ಲ. ತಂದೆಯ ಹೆಸರು ಬರಬೇಕಿದ್ದ ಜಾಗಕ್ಕೆ ಬಿಡುಗಡೆ ಮಾಡಿದವನ ಹೆಸರು ಬಂದು ಕೂತಿದೆ. ಅವಳನ್ನು ಕಡೆಗಣಿಸಿದ್ದಕ್ಕಿಂತ, ತನ್ನೂರಿನ ಸಾವಿನ ಪದ್ಧತಿಯೊಳಗೆ ಅವಳಿಗೆ ಜಾಗ ಮಾಡಿದ ಹಾಗೆ ನನಗೆ ಕಾಣುತ್ತದೆ.

ಇನ್ನು 'ಕಟುವೆಲ್ಲೌನಿ ಜನದವಳು' ಅನ್ನುವ ಮಾತು. ಮೊದಲ ನೋಟಕ್ಕೆ ಇದು ಅವಳ ಅಭಿಮಾನದ ಗುರುತು. ಬುಡಕಟ್ಟಿನ ನೆನಪು ಉಳಿದಿತ್ತು ಅಂತ ಸಂತೋಷಪಡಬಹುದು. ಆದರೆ ರೋಮನ್ ಕಾನೂನಿನಲ್ಲಿ ಒಂದು ನಿಯಮವಿದೆ. ದಾಸರನ್ನು ಮಾರುವವನು ಪ್ರತಿಯೊಬ್ಬರೂ ಯಾವ ಜನಕ್ಕೆ ಸೇರಿದವರು ಅಂತ ಮಾರುವಾಗಲೇ ಹೇಳಬೇಕಿತ್ತು. 'ಜನ' ಅನ್ನೋದಕ್ಕೆ ಕಲ್ಲಿನ ಮೇಲಿರುವ ಪದವೂ ಆ ಕಾನೂನಿನ ಪದವೂ ಒಂದೇ. ಹಾಗಾದರೆ ಇದು ಅವಳು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ ಗುರುತೋ, ಸಂತೆಯಲ್ಲಿ ಅವಳ ಮೇಲೆ ಅಂಟಿಸಿದ ಚೀಟಿಯೋ? ಎರಡೂ ಆಗಿರಬಹುದು. ಸೈನಿಕರೂ ತಮ್ಮ ಕಲ್ಲುಗಳಲ್ಲಿ ಅದೇ ಪದ ಬಳಸುತ್ತಾರೆ, ಹಾಗಾಗಿ ಸಂತೆಯದ್ದೇ ಅಂತ ನಾನು ವಾದಿಸುವುದಿಲ್ಲ. ಆದರೆ ಈ ಕಲ್ಲಿನಲ್ಲಿರುವ ಒಂದು ಮಾತೂ ರೆಜೀನಾಳದ್ದಲ್ಲ. ಎಲ್ಲ ಗಂಡನದ್ದು. ವಯಸ್ಸನ್ನೂ ಹಾಗೇ ನಂಬುವ ಹಾಗಿಲ್ಲ. ರೋಮನ್ ಗೋರಿಗಳಲ್ಲಿ ವಯಸ್ಸು ಐದರ, ಹತ್ತರ ಗುಣಕಗಳ ಸುತ್ತ ರಾಶಿ ಬೀಳುತ್ತದೆ.

ಒಂದು ಕಲ್ಲನ್ನು ಒಂಟಿಯಾಗಿ ಓದಬಾರದು. ಅದೇ ಊರಲ್ಲಿ ವಿಕ್ಟರ್ ಎಂಬ 20 ವರ್ಷದವನ ಕಲ್ಲೂ ಸಿಕ್ಕಿದೆ. ಹೆಸರು ಲ್ಯಾಟಿನ್, ಹುಟ್ಟಿನಿಂದ ಮೂರ್, ಅಂದರೆ ವಾಯವ್ಯ ಆಫ್ರಿಕಾದವನು. ಅವನೂ ದಾಸನಾಗಿದ್ದವನೇ. ಬಿಡುಗಡೆ ಮಾಡಿದವನು ನ್ಯೂಮೇರಿಯಾನಸ್, ಅಸ್ತೂರರ ಕುದುರೆ ದಳದ ಸವಾರ. ಆ ದಳವನ್ನು ಮೊದಲು ಕಟ್ಟಿದ್ದು ಸ್ಪೇನಿನ ಜನರಿಂದ. ಕೆತ್ತನೆ ನೋಡಿದರೆ ರೆಜೀನಾಳ ಕಲ್ಲಿನ ಹಾಗೇ ಪಾಲ್ಮೈರಾ ಕಡೆಯ ಕೈ ಅನ್ನಿಸುತ್ತದೆ. ಬರೀ ಹೆಸರುಗಳ ಪಟ್ಟಿ ಮಾಡಿ ಲ್ಯಾಟಿನ್ ಹೆಸರಿನವರೆಲ್ಲ ರೋಮನ್ನರು ಅಂತ ಎಣಿಸಿದ್ದರೆ ಇದೆಲ್ಲ ಜಾರಿಹೋಗುತ್ತಿತ್ತು.

ಎಣಿಸುವುದು ಬೇಡ ಅಂತಲ್ಲ. ಈಗ ಬ್ರಿಟನ್ನಿನ ರೋಮನ್ ಶಾಸನಗಳೆಲ್ಲ ಆನ್‌ಲೈನ್ ಸಿಗುತ್ತವೆ. ಜರ್ಮನಿಯ ಹೈಡಲ್‌ಬರ್ಗ್‌ನ ಶಾಸನ ದತ್ತಾಂಶವೂ ಇದೆ. ಬೆಂಗಳೂರಲ್ಲಿ ಕೂತೇ ಪಾಲ್ಮೈರಾದವರನ್ನು ಸಾಮ್ರಾಜ್ಯದ ಉದ್ದಗಲಕ್ಕೂ ಹುಡುಕಬಹುದು. ಆದರೆ ಕಲ್ಲು ಹಾಕಿಸುವುದೇ ಎಲ್ಲರ ರೂಢಿಯಾಗಿರಲಿಲ್ಲ. ಸೈನಿಕರು, ಪಟ್ಟಣದವರು, ಬಿಡುಗಡೆ ಪಡೆದ ದಾಸರು ತುಂಬ ಕಾಣುತ್ತಾರೆ. ಹೊಲದಲ್ಲಿ ದುಡಿದವರು ಕಾಣುವುದೇ ಅಪರೂಪ. ವಸ್ತುಗಳನ್ನು ನಂಬಿಕೊಂಡರೂ ಇದೇ ತಾಪತ್ರಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಹಾಗಂತ ಅಲ್ಲಿ ಯಾರೂ ರೋಮನ್ ಆಗಿರಲಿಲ್ಲ. ಬ್ರಿಟನ್ನಿನ ಹಳ್ಳಿಯೊಂದರಲ್ಲಿ ಸಿಕ್ಕ ರೋಮನ್ ತಟ್ಟೆಯ ಬಗ್ಗೆಯೂ ನಾನು ಅಷ್ಟೇ ಹುಷಾರಾಗಿರುತ್ತೇನೆ. ಯಾರ್ಕ್‌ನಲ್ಲಿ 1901ರಲ್ಲಿ ಸಿಕ್ಕ, ದಂತದ ಬಳೆ ತೊಟ್ಟ ರೋಮನ್ ಕಾಲದ ಹೆಂಗಸಿನ ಅಸ್ಥಿಯನ್ನು ರೀಡಿಂಗ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲ್ಲಿನ ಐಸೊಟೋಪ್, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಬಾಲ್ಯ ಎಂಥ ಕಡೆ ಕಳೆಯಿತು ಅನ್ನೋದರ ಸುಳಿವು ಕೊಡುತ್ತದೆ. ಅವಳು ತನ್ನನ್ನು ಏನಂದುಕೊಂಡಿದ್ದಳು ಅನ್ನೋದು ಹಲ್ಲಿನಲ್ಲಿ ಇರುವುದಿಲ್ಲ.

ಕೊನೆಗೆ ಕಾರ್ಬ್ರಿಜ್‌ನ ಕಲ್ಲು. ಅದೇ ಟೈನ್ ನದಿಯ ದಡದಲ್ಲಿ, ಸ್ವಲ್ಪ ಮೇಲಕ್ಕೆ, 68 ವರ್ಷಕ್ಕೆ ಸತ್ತ ಪಾಲ್ಮೈರಾದವನೊಬ್ಬನ ಸಾದಾ ಗೋರಿಕಲ್ಲು ಸಿಕ್ಕಿದೆ. ಹೆಸರಿನ ಮೊದಲ ಭಾಗ ಹೋಗಿದೆ. ಉಳಿದ ಅಕ್ಷರಗಳಿಗೆ ಬರಾಟೀಸ್ ಹೊಂದುತ್ತದೆ. ಬಾವುಟ ಹಿಡಿಯುವ ಸೈನಿಕನೋ ಬಾವುಟ ಮಾರುವವನೋ, ಅದರಲ್ಲೂ ಜಗಳ ಇದೆ. ಇವನೇ ರೆಜೀನಾಳ ಗಂಡ ಅಂತ ಕಥೆ ಪೂರ್ತಿ ಮಾಡುವ ಆಸೆ ಎಲ್ಲರಿಗೂ. ನನಗೂ ಇದೆ. ಆದರೆ ಆ ಕಲ್ಲಿನಲ್ಲಿ ಅರಮಾಯಿಕ್ ಇಲ್ಲ, ಚಿತ್ರ ಇಲ್ಲ, ರೆಜೀನಾ ಇಲ್ಲ. ನನ್ನ ಟಿಪ್ಪಣಿಗಳಲ್ಲಿ ಇಬ್ಬರನ್ನೂ ಬೇರೆ ಬೇರೆ ಫೈಲ್‌ನಲ್ಲೇ ಇಟ್ಟಿದ್ದೇನೆ.